ತೋಪು

ಮೊದಲು ಹೆಸರು ಸರಿಮಾಡಿಕೊಳ್ಳಿ.
ಹಲಗೆಯ ಮೇಲೆ ಬರೆದದ್ದು ಬೆಟಿಯೋ,
ನಾವು ಕರೆಯುವುದು ಬೇಸೋ.
ಅಕ್ಷರ ಹಂಚಲು ಬಂದವರ ಚೀಲದಲ್ಲಿ
ನಮ್ಮ ಪಾಲಿಗೆ ಒಂದು 'ಸ' ಉಳಿದಿರಲಿಲ್ಲವಂತೆ.
ನಿಮ್ಮ ಅಪ್ಪನ ಕಾಗದದಲ್ಲೂ ಬೆಟಿಯೋ ಅಂತಲೇ ಇದೆ, ನೋಡಿದೆ.
ಅವನನ್ನು ಅನ್ನುವ ಹಾಗಿಲ್ಲ.
ಊರಿನ ಹೆಸರು ಕೇಳಿ ತಿಳಿಯುವಷ್ಟು ಹೊತ್ತು
ಅವನಿಗೆ ಸಿಗಲಿಲ್ಲ.

ಇದು ನಮ್ಮ ಮನೆಯ ತೋಪು.
ಮೂತಿ ಸಮುದ್ರಕ್ಕೆ. ಎಂಟು ಅಂಗುಲ ಬಾಯಿ,
ಬಂದವರೆಲ್ಲ ಅಳೆದು ನೋಡುತ್ತಾರೆ.
ಹತ್ತು ಗಂಟೆಗೆಲ್ಲ ಕಬ್ಬಿಣ ಕಾದಿರುತ್ತದೆ,
ಬೆನ್ನ ಮೇಲೆ ಹಾಸಿದರೆ ಮಗುವಿನ ಬಟ್ಟೆ
ಅರ್ಧ ತಾಸಿಗೆ ಗರಿಗರಿ.
ಬಿಳಿಯದು ಮಾತ್ರ ಹಾಸುವುದಿಲ್ಲ.
ತುಕ್ಕಿನ ಕಲೆ ಯಾವ ಸೋಪಿಗೂ ಜಗ್ಗುವುದಿಲ್ಲ.
ನನ್ನ ಮಗ ಬ್ವೆರೆಯ ಶಾಲೆಯ ಅಂಗಿ ನೋಡಿ,
ಬೆನ್ನಿಗೆ ಗುಂಡು ತಾಗಿದವನ ಹಾಗೆ
ಊರೆಲ್ಲ ಓಡಾಡುತ್ತಾನೆ.

ಅಗೋ, ಅಲೆ ಬೆಳ್ಳಗೆ ಮುರಿಯುವ ಗೆರೆ,
ಅದೇ ಹವಳದ ದಿಬ್ಬ.
ಅಂದು ನೀರು ಏರಲಿಲ್ಲ.
ದೋಣಿಗಳು ಅಲ್ಲೇ ಹೊಟ್ಟೆಯೂರಿ ಕೂತವು.
ಹುಡುಗರು ಇಳಿದು ನಡೆದರು ಎದೆಮಟ್ಟ ನೀರಿನಲ್ಲಿ
ಬಂದೂಕು ತಲೆಯ ಮೇಲೆತ್ತಿ,
ಹಬ್ಬಕ್ಕೆ ಪಕ್ಕದ ದ್ವೀಪದಿಂದ ನಾವು
ಚಾಪೆ ಹೊತ್ತು ಬರುವ ಹಾಗೆ.
ನನ್ನ ಅಜ್ಜಿ ರೋಟಿಯಾಳನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದಳು,
ಅರೆಚಂದ್ರನ ನೀರು ಹೊಸ್ತಿಲು ದಾಟುವುದಿಲ್ಲ,
ನಾಲ್ಕು ದಿನ ತಡೆಯಿರಿ ಮಕ್ಕಳೇ.

ಅವಳನ್ನು ಮೊದಲೇ ಬೇರೆ ದ್ವೀಪಕ್ಕೆ ಅಟ್ಟಿದ್ದರು.
ಅಲ್ಲಿ ಕೂತು ಮೂರು ಹಗಲು ಹೊಗೆ ನೋಡಿದಳು.
ಮರಳಿ ಬಂದಾಗ
ಒಂದು ತೆಂಗಿಗೂ ತಲೆ ಇರಲಿಲ್ಲ.
ಎಲ್ಲರೂ ಹೆಣ ಎಣಿಸುತ್ತಿದ್ದರು, ಅಜ್ಜಿ ಮರ ಎಣಿಸಿದಳು:
ಅಪ್ಪನವು ಹನ್ನೊಂದು, ಚಿಕ್ಕಪ್ಪನವು ಏಳು,
ಬಾವಿ ಪಕ್ಕದ ಡೊಂಕು ಮರ,
ತಾನು ಹುಟ್ಟಿದ ದಿನ ನೆಟ್ಟದ್ದು.
ಮರವೇ ಇಲ್ಲದಿದ್ದರೆ ಯಾರ ನೆಲ ಎಲ್ಲಿಗೆ ಮುಗಿಯಿತು,
ಹೇಳುವವರು ಯಾರು?
ಅಜ್ಜಿಯ ತೋಪು ಹೋಯಿತು, ಈ ತೋಪು ಉಳಿಯಿತು.
ನಿಮ್ಮ ಸ್ಮಾರಕದಲ್ಲಿ ಆ ಮರಗಳ ಹೆಸರಿಲ್ಲ.
ತಪ್ಪು ಅಂತಲ್ಲ,
ಕಲ್ಲು ಚಿಕ್ಕದು.

ಹೋದ ವರ್ಷ ಹಂದಿಗೂಡಿಗೆ ಗುಣಿ ತೋಡುವಾಗ
ನನ್ನವನ ಸನಿಕೆಗೆ ಬೂಟು ಸಿಕ್ಕಿತು.
ಬರೀ ಬೂಟು ಅಂದುಕೊಂಡೆವು.
ಅಲುಗಿಸಿದರೆ ಒಳಗೆ ಸದ್ದು.
ಹಂದಿಯನ್ನು ಬೇರೆ ಕಡೆ ಕಟ್ಟಿದೆವು.
ರಾತ್ರಿ ನಮ್ಮತ್ತೆ ಗುಣಿಯ ಬಾಯಿಗೆ ದೀಪ ಇಟ್ಟು,
'ಯಾರ ಮಗನೋ, ಇಷ್ಟು ವರ್ಷ ನಮ್ಮ ಹಿತ್ತಲಲ್ಲೇ ಇದ್ದ,
ಒಂದು ದಿನ ಊಟಕ್ಕೆ ಕರೆಯಲಿಲ್ಲ' ಅಂದಳು.
ಆಮೇಲೆ ಪೆಟ್ಟಿಗೆಯವರು ಬಂದರು,
ಜರಡಿ ಹಿಡಿದು ಹಲ್ಲುಹಲ್ಲನ್ನೂ ಆರಿಸಿಕೊಂಡು ಹೋದರು.

ಬೂಸಾನಿನಿಂದ ಒಬ್ಬ ಮುದುಕ ಬಂದಿದ್ದ.
ಅವನ ದೊಡ್ಡಪ್ಪನನ್ನು ಮಣ್ಣು ಹೊರಲು ಹಿಡಿದು ತಂದಿದ್ದರಂತೆ.
ಯಾವ ಕಲ್ಲಲ್ಲೂ ಹುಡುಕಲಿಲ್ಲ, ನೇರ ನನ್ನನ್ನೇ ಕೇಳಿದ:
ಎಲ್ಲಿ?
ಕೈ ತೋರಿಸಲು ಹೋದೆ.
ಕೈ ಎಲ್ಲೂ ನಿಲ್ಲಲಿಲ್ಲ.

ಮರಳು ಬೇಕೆ? ಸೀಸೆ ತಂದಿದ್ದೀರಿ, ತುಂಬಿಕೊಳ್ಳಿ.
ಅಲ್ಲಿಂದ ಬೇಡ, ಅದು ಬೆಳಿಗ್ಗೆ ಮಕ್ಕಳು ಕೂರುವ ಜಾಗ.
ಇಲ್ಲಿ, ಈ ಒಣ ಕಡೆ.
ತುಸುವೇ ಸಾಕಲ್ಲವೆ? ನಮ್ಮ ನೆಲ ಮೊದಲೇ ಅಗಲ ಕಡಿಮೆ.
ಅಂದು ಏರಲೊಲ್ಲದ ನೀರು
ಈಗ ಯಾರೂ ಕರೆಯದೆ ಬರುತ್ತದೆ.
ಫೆಬ್ರವರಿಯ ಹುಣ್ಣಿಮೆಗೆ
ಮನೆಯ ಹಿಂದಿನ ಅಜ್ಜಿಯ ಗೋರಿ ಮುಟ್ಟಿತು.
ಬೆಳಗಾಗುವ ತನಕ ಸುತ್ತ ಕಲ್ಲು ಪೇರಿಸಿದೆವು,
ಬ್ವೆರೆ ನಿದ್ದೆಗಣ್ಣಲ್ಲಿ ಒಂದೊಂದೇ ತಂದುಕೊಡುತ್ತಿದ್ದ.

ಕೂತಿರಿ, ಸಂಜೆಯ ನೀರಾ ಇಳಿಯುತ್ತದೆ.
ಮರದ ತುದಿಯಲ್ಲಿ ಹಾಡುತ್ತಿರುವವನು ನನ್ನ ಮೈದುನ.
ಕೆಳಗಿದ್ದವರಿಗೆ ತಾನಿದ್ದೇನೆಂದು ತಿಳಿಯಲಿ ಅಂತ
ಹಾಡುತ್ತಾನೆ, ಅಷ್ಟೆ.
ಅಯ್ಯೋ, ಅದಕ್ಕೆ ಒರಗಬೇಡಿ ಅಮ್ಮಾ,
ನಿಮ್ಮದು ಬಿಳಿ ಅಂಗಿ.